ನಡುಗಂಬವಿಲ್ಲದ ಕಾರು

ಮೊನ್ನೆ ಶನಿವಾರ ಮಾಡೋಕೆ ಕೆಲಸವಿಲ್ಲದೆ ಹಳೆಯ ಕಾರುಗಳ ಮಾರಾಟದ ಜಾಹೀರಾತು ನೋಡ್ತಾ ಕೂತಿದ್ದೆ. (ಕೊಳ್ಳೋದಕ್ಕಲ್ಲ ಮಾರಾಯ್ರೆ, ನೋಡೋದಕ್ಕೆ ದುಡ್ಡು ಕೊಡಬೇಕಿಲ್ಲವಲ್ಲ!) ಅದರಲ್ಲೊಂದು 1956ರ ಷೆವರ್ಲೆ ಬೆಲ್ ಏರ್, ನಾಲ್ಕು ಬಾಗಿಲಿನ ಹಾರ್ಡ್‌ಟಾಪ್. ಪಕ್ಕದಲ್ಲಿದ್ದ ರೂಮ್‌ಮೇಟ್ ಕೇಳಿದ: "ಹಾರ್ಡ್‌ಟಾಪ್ ಅಂದ್ರೆ ಏನೋ? ನಮ್ಮ ಅಂಬಾಸಿಡರ್‌ದೂ ಗಟ್ಟಿ ಟಾಪೇ ಅಲ್ವಾ?" ಪ್ರಶ್ನೆ ನ್ಯಾಯವಾಗೇ ಇದೆ. ಅವನಿಗೆ ಹೇಳಿದ ಉತ್ತರವೇ ಬೆಳೆದು ಈ ಬರಹ ಆಯ್ತು.

ಅಂಬಾಸಿಡರ್‌ನ ಮುಂದಿನ ಹಿಂದಿನ ಬಾಗಿಲು ಎರಡನ್ನೂ ತೆರೆದು ನೋಡಿ. ನಡುವೆ ನೆಲದಿಂದ ಚಾವಣಿಯವರೆಗೆ ಒಂದು ಉಕ್ಕಿನ ಕಂಬ ಕಾಣುತ್ತೆ. ಎಂಜಿನಿಯರುಗಳ ಭಾಷೆಯಲ್ಲಿ ಅದು ಬಿ-ಪಿಲ್ಲರ್. ಮುಂದಿನ ಬಾಗಿಲು ಚಿಲಕ ಹಾಕಿಕೊಳ್ಳೋದು ಅದಕ್ಕೆ, ಹಿಂದಿನ ಬಾಗಿಲು ತೂಗೋದೂ ಅದರ ಮೇಲೇ. ಹಾರ್ಡ್‌ಟಾಪ್‌ನಲ್ಲಿ ಈ ಕಂಬ ಕಿಟಕಿಯ ಕೆಳಅಂಚಿಗೇ ನಿಂತುಬಿಡುತ್ತೆ. ಬಾಗಿಲಿನ ಗಾಜಿಗೆ ಸುತ್ತ ಚೌಕಟ್ಟೂ ಇಲ್ಲ. ನಾಲ್ಕೂ ಗಾಜು ಇಳಿಸಿದರೆ ಮುಂದಿನಿಂದ ಹಿಂದಿನವರೆಗೆ ಒಂದೇ ಬಯಲು. ನೋಡೋಕೆ ಮಾತ್ರ... ಆಹಾ!

ಇದರ ಹುಟ್ಟಿಗೆ ಕಾರಣ ಕನ್ವರ್ಟಿಬಲ್. ಬಟ್ಟೆಯ ಚಾವಣಿ ಮಡಚುವ ಆ ಕಾರುಗಳ ಚೆಂದ ಎಲ್ಲರಿಗೂ ಬೇಕು, ಮಳೆಗೆ ಸೋರುವ, ಚಳಿ ತಡೆಯದ ಬಟ್ಟೆ ಮಾತ್ರ ಬೇಡ. 1946ರಲ್ಲಿ ಕ್ರೈಸ್ಲರ್ ಕಂಪನಿ ಟೌನ್ ಅಂಡ್ ಕಂಟ್ರಿ ಹೆಸರಿನಲ್ಲಿ ಇಂಥ ಏಳು ಕಾರು ಮಾಡಿ ನೋಡಿ ಸುಮ್ಮನಾಯಿತು. ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ತಂದದ್ದು ಜನರಲ್ ಮೋಟಾರ್ಸ್, 1949ರಲ್ಲಿ: ಬ್ಯೂಕ್ ರಿವಿಯೆರಾ, ಕ್ಯಾಡಿಲಾಕ್ ಕೂಪ್ ಡೆವಿಲ್, ಓಲ್ಡ್ಸ್‌ಮೊಬೀಲ್ ಹಾಲಿಡೇ. ಬ್ಯೂಕ್‌ನ ಅಧಿಕಾರಿ ಎಡ್ವರ್ಡ್ ರಾಗ್ಸ್‌ಡೇಲ್ ಅವರ ಹೆಂಡತಿ ಯಾವಾಗಲೂ ಕನ್ವರ್ಟಿಬಲ್ಲನ್ನೇ ಕೊಳ್ಳುತ್ತಿದ್ದರಂತೆ, ಆದರೆ ಕೂದಲು ಕೆದರುತ್ತೆ ಅಂತ ಚಾವಣಿ ಇಳಿಸುತ್ತಲೇ ಇರಲಿಲ್ಲವಂತೆ. ರಿವಿಯೆರಾ ಹುಟ್ಟಿದ್ದು ಅದರಿಂದಲೇ ಅನ್ನೋ ಕತೆ ಕಾರುಪ್ರಿಯರ ಬಾಯಲ್ಲಿ ಇವತ್ತಿಗೂ ಓಡಾಡುತ್ತೆ :-)

ಇವೆಲ್ಲ ಎರಡು ಬಾಗಿಲಿನವು. ನಾಲ್ಕು ಬಾಗಿಲಿಗೆ ಬಂದಾಗ ನಿಜವಾದ ತಲೆನೋವು ಶುರು. ಕಂಬವೇ ಇಲ್ಲದಿದ್ದರೆ ಹಿಂದಿನ ಬಾಗಿಲನ್ನು ಎಲ್ಲಿ ನೇತು ಹಾಕೋದು? ಸೊಂಟದ ಮಟ್ಟದವರೆಗೆ ಮಾತ್ರ ಬರುವ ಒಂದು ಮೋಟು ಕಂಬ ನಿಲ್ಲಿಸಿ, ಬಾಗಿಲಿನ ಪೂರ್ತಿ ಭಾರ ಅದಕ್ಕೇ ಹೊರಿಸಿದರು. ಚಾವಣಿಗೆ ನಡುವಿನ ಆಸರೆ ತಪ್ಪಿದ್ದರಿಂದ ಕೆಳಗಿನ ಚೌಕಟ್ಟನ್ನು ಗಟ್ಟಿ ಮಾಡಿದರು. ಪಡಸಾಲೆ ವಿಶಾಲವಾಗಿ ಕಾಣಲಿ ಅಂತ ಕಂಬ ತೆಗೆಸಿದರೆ ತೊಲೆ ದಪ್ಪ ಮಾಡಲೇಬೇಕಲ್ಲ, ಹಾಗೆ. ಭಾರ ಎಲ್ಲೂ ಮಾಯವಾಗೋದಿಲ್ಲ, ಜಾಗ ಬದಲಿಸುತ್ತೆ ಅಷ್ಟೇ. 1955ರಲ್ಲಿ ಬ್ಯೂಕ್ ಮತ್ತು ಓಲ್ಡ್ಸ್‌ಮೊಬೀಲ್‌ಗಳಲ್ಲಿ ಇದು ಬಂತು. 1956ಕ್ಕೆ ಷೆವರ್ಲೆ 'ಸ್ಪೋರ್ಟ್ ಸೆಡಾನ್' ಅನ್ನೋ ಹೆಸರಿನಲ್ಲಿ ತಂದಿತು. ಅಂದರೆ ನಾನು ನೋಡಿದ ಜಾಹೀರಾತಿನ ಕಾರು ಆ ಕಂಪನಿಯ ಮೊದಲ ವರ್ಷದ್ದು. ಅದೇ ವರ್ಷ ರ‍್ಯಾಂಬ್ಲರ್‌ನವರು ಸ್ಟೇಷನ್ ವ್ಯಾಗನ್ನಿನಲ್ಲೂ ಕಂಬ ತೆಗೆದುಬಿಟ್ಟರು!

ಕೊಳ್ಳುವವರಿಗೆ ಇದರ ಕಿರಿಕಿರಿಯೂ ಗೊತ್ತಿರಬೇಕು. ಗಾಜು ಮುಚ್ಚಿದಾಗ ಅದು ಕೂರೋದು ಬರೀ ರಬ್ಬರ್ ಪಟ್ಟಿಯ ಮೇಲೆ. ಗಾಜು ಕೂದಲೆಳೆಯಷ್ಟು ಜರುಗಿದರೂ ಗಾಳಿ ಶಿಳ್ಳೆ ಹೊಡೆಯುತ್ತೆ, ಮಳೆ ನೀರು ಒಳಗಿಳಿಯುತ್ತೆ, ನೆಲದ ತಗಡು ತುಕ್ಕು ಹಿಡಿಯುತ್ತೆ. ಹೊಳೆಯೋ ಬಣ್ಣ ನೋಡಿ ಮರುಳಾಗದೆ ಕಾರ್ಪೆಟ್ ಎತ್ತಿ ನೋಡಿ ಅನ್ನೋದು ಅದಕ್ಕೇ.

ಆದರೆ ಕಾರು ಮಗುಚಿದರೆ? 1966ರ ಒಂದೇ ವರ್ಷದಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು 50 ಸಾವಿರಕ್ಕೂ ಹೆಚ್ಚು. ಅದರ ಹಿಂದಿನ ವರ್ಷ ರಾಲ್ಫ್ ನೇಡರ್ ಬರೆದ ಪುಸ್ತಕ, ತಪ್ಪು ಬರೀ ಚಾಲಕನದ್ದಲ್ಲ, ಕಾರು ಮಾಡಿದವರದ್ದೂ ಹೌದು ಅಂತ ವಾದಿಸಿತ್ತು. 1966ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. 1968ರಿಂದ ಮುಂದಿನ ಸೀಟುಗಳಿಗೆ ಭುಜದ ಬೆಲ್ಟ್ ಕಡ್ಡಾಯವಾಯಿತು. ಬೇರೆ ಕಾರುಗಳಲ್ಲಿ ಅದನ್ನು ಬಿಗಿಯೋಕೆ ಕಂಬವಿತ್ತು, ಹಾರ್ಡ್‌ಟಾಪ್‌ನಲ್ಲಿ ಚಾವಣಿಯ ಅಂಚೇ ಗತಿ. 1973ರ ಸೆಪ್ಟೆಂಬರಿನಿಂದ ಚಾವಣಿಗೇ ಪರೀಕ್ಷೆ ಬಂತು: ಕಾರಿನ ತೂಕದ ಒಂದೂವರೆ ಪಟ್ಟು ಅಥವಾ 5,000 ಪೌಂಡ್, ಯಾವುದು ಕಡಿಮೆಯೋ ಅಷ್ಟು ಒತ್ತಿದರೂ 5 ಇಂಚಿಗಿಂತ ಹೆಚ್ಚು ಕುಸಿಯಬಾರದು.

ಕಾನೂನು ಹಾರ್ಡ್‌ಟಾಪನ್ನು ನಿಷೇಧಿಸಿತು ಅಂತ ಕೆಲವರು ಹೇಳೋದುಂಟು. ಹಾಗೇನಿಲ್ಲ. ಈ ಪರೀಕ್ಷೆ ಬಂದಮೇಲೂ ಅವು ತಯಾರಾದವು. ಆದರೆ ಇನ್ನೂ ಕಠಿಣ ನಿಯಮ ಬಂದೀತೆಂಬ ಭಯ ಕಂಪನಿಗಳಿಗಿತ್ತು. ಜೊತೆಗೆ ಏರ್ ಕಂಡೀಷನರ್ ಬಂದಮೇಲೆ ಗಾಜು ಇಳಿಸುವವರೇ ಕಮ್ಮಿಯಾದರು. ಗಾಜೇ ಇಳಿಸದಿದ್ದರೆ ಕಂಬ ಇದ್ದರೇನು, ಇಲ್ಲದಿದ್ದರೇನು? ಜನರಲ್ ಮೋಟಾರ್ಸ್‌ನ ದೊಡ್ಡ ಹಾರ್ಡ್‌ಟಾಪ್‌ಗಳು 1976ಕ್ಕೆ ಮುಗಿದವು. ಕಡೆಯವು 1978ರ ಕ್ರೈಸ್ಲರ್ ನ್ಯೂಯಾರ್ಕರ್ ಮತ್ತು ನ್ಯೂಪೋರ್ಟ್. ತಮಾಷೆ ಅಂದರೆ, ಈ ನಡುವೆ ಫೋರ್ಡ್ ಕಂಪನಿ 'ಪಿಲ್ಲರ್ಡ್ ಹಾರ್ಡ್‌ಟಾಪ್' ಅಂತ ಒಂದು ಹೆಸರು ಹುಟ್ಟುಹಾಕಿತು. ಕಂಬವಿರುವ ಕಂಬವಿಲ್ಲದ ಕಾರು! ಮಾರ್ಕೆಟಿಂಗ್‌ನವರು ಎಲ್ಲ ಕಾಲದಲ್ಲೂ ಒಂದೇ ಥರ ಬಿಡಿ.

ಆ ಕಾಲದ ಕಾರು ಕಬ್ಬಿಣದಂಥ ಗಟ್ಟಿ, ಈಗಿನದ್ದೆಲ್ಲ ಡಬ್ಬ ಅನ್ನೋ ಮಾತು ನೀವೂ ಕೇಳಿರುತ್ತೀರಿ. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ 1959ರ ಬೆಲ್ ಏರ್ ಸೆಡಾನನ್ನೂ 2009ರ ಷೆವರ್ಲೆ ಮಾಲಿಬುವನ್ನೂ ಮುಖಾಮುಖಿ ಗುದ್ದಿಸಿತು. ಮಾಲಿಬುವಿನ ಗೊಂಬೆಗೆ ಕಾಲಿಗೆ ಪೆಟ್ಟು ಅಷ್ಟೇ. ಬೆಲ್ ಏರ್‌ನಲ್ಲಿ ನಿಜವಾದ ಚಾಲಕನಿದ್ದಿದ್ದರೆ ಉಳಿಯುತ್ತಿರಲಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೂ ಆ ಕಾರಿನ ಚೆಂದ ನನ್ನ ಕಣ್ಣಿಗೆ ಕಮ್ಮಿಯಾಗಿಲ್ಲ. ದುಡ್ಡಿದ್ದರೆ ಕೊಂಡು, ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನಾಲ್ಕೂ ಗಾಜು ಇಳಿಸಿ ನಿಧಾನಕ್ಕೆ ಒಂದು ಸುತ್ತು ಹೋಗಿಬರುತ್ತಿದ್ದೆ. ಆದರೆ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ? ಖಂಡಿತ ಇಲ್ಲ. ನೀವಾದರೆ ಏನು ಮಾಡ್ತಿದ್ರಿ?