ಓಟಿನ ಕಾರ್ಡು ಹಿಡಿದು ಕಠ್ಮಂಡುವಿಗೆ

ಪಶುಪತಿನಾಥನನ್ನು ನೋಡಬೇಕು ಅನ್ನೋದು ಅವ್ವನ ಬಹುಕಾಲದ ಆಸೆ. ಪಾಸ್‌ಪೋರ್ಟ್ ಇಲ್ಲ. ದೆಹಲಿಯಿಂದ ಕಠ್ಮಂಡುವಿಗೆ ಟಿಕೆಟ್ ಬುಕ್ ಮಾಡೋಕೆ ಕೂತಾಗ ಆಧಾರ್ ಕಾರ್ಡ್ ತಂದುಕೊಟ್ಟಳು. "ಇದು ನಡೆಯಲ್ಲ ಅವ್ವ, ಓಟಿನ ಕಾರ್ಡ್ ಕೊಡು" ಅಂದೆ. "ಓಟಿಗೂ ವಿಮಾನಕ್ಕೂ ಏನ್ಲಾ ಸಂಬಂಧ?" ಅಂದಳು.

ಸಂಬಂಧ ಇದೆ. ಅದಕ್ಕೊಂದು ಇತಿಹಾಸವೂ ಇದೆ.

1950ರ ಜುಲೈ 31ರಂದು ಭಾರತ ಮತ್ತು ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರ ದೇಶದಲ್ಲಿ ಇನ್ನೊಬ್ಬರ ಪ್ರಜೆಗಳು ವಾಸಿಸಲು, ವ್ಯಾಪಾರ ಮಾಡಲು, ಓಡಾಡಲು ಅದರ 7ನೇ ವಿಧಿ ಅವಕಾಶ ಕೊಟ್ಟಿತು. ಪಾಸ್‌ಪೋರ್ಟೂ ಬೇಡ, ವೀಸಾನೂ ಬೇಡ. ರಕ್ಸೌಲ್, ಸುನೌಲಿಯ ಕಡೆ ಜನ ಪಕ್ಕದೂರಿನ ಸಂತೆಗೆ ಹೋದಹಾಗೆ ಗಡಿ ದಾಟುತ್ತಾ ಬಂದರು.

ಆಕಾಶದ ದಾರಿಗೆ ಬಿಗಿ ಬಂದಿದ್ದು 1999ರ ಡಿಸೆಂಬರ್ 24ರ ನಂತರ. ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ-814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರು. ಒಬ್ಬ ಪ್ರಯಾಣಿಕನ ಕೊಲೆಯಾಯಿತು. ಮೂವರು ಉಗ್ರರನ್ನು ಬಿಟ್ಟ ಮೇಲೆ, 31ರಂದು, ಉಳಿದವರು ಬಿಡುಗಡೆಯಾದರು. ಮುಂದಿನ ವರ್ಷದಿಂದ ಎರಡೂ ದೇಶಗಳ ನಡುವೆ ವಿಮಾನದಲ್ಲಿ ಹೋಗುವವರು ದಾಖಲೆ ತೋರಿಸಲೇಬೇಕಾಯಿತು. ಭಾರತೀಯರಿಗೆ ಪಾಸ್‌ಪೋರ್ಟ್ ಆಗಬಹುದು, ಇಲ್ಲವೇ ಚುನಾವಣಾ ಆಯೋಗದ ಗುರುತಿನ ಚೀಟಿ.

ಟಿ.ಎನ್. ಶೇಷನ್ ಕಾಲದಲ್ಲಿ, 1993ರಲ್ಲಿ, ಕಳ್ಳ ಓಟು ತಡೆಯೋಕೆ ಅಂತ ಬಂದ ಚೀಟಿ ಅದು. ಸಂವಿಧಾನದ 326ನೇ ವಿಧಿಯ ಪ್ರಕಾರ ಓಟು ಹಾಕುವವರು ಭಾರತದ ಪ್ರಜೆಯೇ ಆಗಿರಬೇಕು. ಆಧಾರ್ ಹಾಗಲ್ಲ. ಇಲ್ಲಿ ವರ್ಷಕ್ಕೆ 182 ದಿನ ಇದ್ದ ವಿದೇಶಿಯರಿಗೂ ಸಿಗುತ್ತದೆ. ಅದು ಪೌರತ್ವದ ಸಾಕ್ಷಿಯಲ್ಲ ಅಂತ 2016ರ ಕಾಯ್ದೆಯೇ ಹೇಳುತ್ತದೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಲಾಗಿನ್ ಆದ ಮಾತ್ರಕ್ಕೆ ಎಲ್ಲ ಪರ್ಮಿಷನ್ ಸಿಗಲ್ಲ. 15 ತುಂಬದವರಿಗೆ, 65 ದಾಟಿದವರಿಗೆ ಮಾತ್ರ 2019ರಲ್ಲಿ ಆಧಾರ್‌ಗೆ ವಿನಾಯಿತಿ ಸಿಕ್ಕಿತು. ಅವ್ವನಿಗೆ ಇನ್ನೂ 61.

ನಾವು ಬ್ಯಾಂಕಿಗೆ, ಸಿಮ್‌ಗೆ, ಪಡಿತರಕ್ಕೆ ಎಲ್ಲದಕ್ಕೂ ಆಧಾರ್ ಕೊಟ್ಟು ಕೊಟ್ಟು ಅದನ್ನೇ ದೊಡ್ಡ ಕಾರ್ಡ್ ಅಂದ್ಕೊಂಡುಬಿಟ್ಟಿದ್ದೇವೆ. ಗಡಿ ಕೇಳೋದು ನೀನು ಯಾರು ಅಂತ ಅಷ್ಟೇ ಅಲ್ಲ, ಯಾವ ದೇಶದವನು ಅಂತ.

ಅವ್ವ ಟ್ರಂಕಿನ ತಳದಿಂದ ಕಾರ್ಡ್ ತೆಗೆದಳು. ಫೋಟೋ ಮಾಸಿತ್ತು, ಹೆಸರು ಸರಿಯಾಗಿತ್ತು. "ಒಂದು ಎಲೆಕ್ಷನ್ನೂ ತಪ್ಪಿಸಿಲ್ಲ ಕಣ್ಲಾ" ಅಂದಳು. ನಾನು ಕಳೆದ ಸಲ ಬೆಂಗಳೂರಲ್ಲೇ ರಜೆ ಹಾಕಿ ಮಲಗಿದ್ದೆ. ಸುಮ್ಮನೆ ಟಿಕೆಟ್ ಬುಕ್ ಮಾಡಿದೆ.