ಮಡಚಿದ ಬೆರಳುಗಳ ಚರಿತ್ರೆ

ಅರಸೀಕೆರೆ ತಾಲ್ಲೂಕಿನ ಗಂಡಸಿ ಕಡೆ ಬದುಕು ನಿಂತಿರುವುದು ತೆಂಗಿನ ಮೇಲೆ. ಕಾಯಿ ಸುಲಿಯಲು, ಕೊಬ್ಬರಿ ಒಡೆಯಲು, ಚೀಲ ಹೊಲಿಯಲು ಹತ್ತು ಬೆರಳೂ ಬೇಕು. ಅಂಥಲ್ಲಿ ಬೆರಳು ಮಡಚಿಕೊಂಡು ಬಿಚ್ಚದಂತಾದರೆ ಮನುಷ್ಯ ಕೂಲಿ ಕಳೆದುಕೊಳ್ಳುತ್ತಾನೆ. ಕಾರಣ ಕುಷ್ಠವೆಂದಾದರೆ ಮನೆಯನ್ನೂ ಕಳೆದುಕೊಳ್ಳುತ್ತಿದ್ದ.

ಕೈ ಸೊಟ್ಟಗಾಗಲು ಕಾರಣಗಳು ಹಲವು. ಅಂಗೈಯ ಚರ್ಮದಡಿಯ ಪೊರೆ ಗಟ್ಟಿಯಾಗಿ ಕುಗ್ಗಿ ಉಂಗುರ ಬೆರಳು, ಕಿರುಬೆರಳನ್ನು ಒಳಕ್ಕೆಳೆಯುವುದುಂಟು. ಪ್ಯಾರಿಸ್ಸಿನ ವೈದ್ಯ ಡುಪ್ಯುಟ್ರೆನ್ 1831ರಲ್ಲಿ ಆ ಪೊರೆಯನ್ನು ಕೊಯ್ದು ಬೆರಳು ಬಿಡಿಸಿದ. ರೋಗಕ್ಕೆ ಅವನ ಹೆಸರೇ ನಿಂತಿತು. ಸುಟ್ಟ ಗಾಯದಿಂದಲೂ, ಬಹುಕಾಲದ ಸಕ್ಕರೆ ಕಾಯಿಲೆಯಿಂದಲೂ ಕೈ ಬಿಗಿಯುತ್ತದೆ. ಆದರೆ ನಮ್ಮ ಜನ ಶತಮಾನಗಳ ಕಾಲ ಹೆದರಿದ್ದು ಕುಷ್ಠದ ಕೈಗೆ.

ಉರ್ದುವಿನಲ್ಲಿ ಶಸ್ತ್ರವೈದ್ಯನಿಗೆ 'ಜರ್ರಾಹ್' ಎನ್ನುತ್ತಾರೆ. ಗಾಯ ಎಂಬರ್ಥದ ಅರಬಿ ಮೂಲದಿಂದ ಬಂದ ಮಾತು. ಸುಮಾರು ಸಾವಿರ ವರ್ಷಗಳ ಹಿಂದೆ ಕಾರ್ಡೋವಾದ ಅಲ್ ಝಹ್ರಾವಿ ತನ್ನ 'ಅತ್ತಸ್ರೀಫ್' ಗ್ರಂಥದ ಕೊನೆಯ ಭಾಗದಲ್ಲಿ ಶಸ್ತ್ರವೈದ್ಯದ ಸಲಕರಣೆಗಳನ್ನು ಚಿತ್ರ ಸಮೇತ ವಿವರಿಸಿದ. ಅದಕ್ಕೂ ಮುಂಚೆ, 705ರಿಂದ 715ರವರೆಗೆ ಆಳಿದ ಖಲೀಫ ವಲೀದ್ ಕುಷ್ಠರೋಗಿಗಳು ಬೇಡಬಾರದೆಂದು ಅವರಿಗೆ ನೆರವು ಗೊತ್ತುಮಾಡಿದ್ದನ್ನು ಚರಿತ್ರೆಕಾರ ತಬರಿ ದಾಖಲಿಸಿದ್ದಾನೆ. ಅನ್ನದ ವ್ಯವಸ್ಥೆ ಹೀಗೆ ಆಗಿತ್ತು; ಕೈ ನೇರವಾಗುವ ದಾರಿ ಮಾತ್ರ ಯಾರಿಗೂ ತಿಳಿದಿರಲಿಲ್ಲ.

ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ ಗುರುತಿಸಿದ್ದು 1873ರಲ್ಲಿ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಔಷಧಾಲಯ ತೆರೆದ ಫಾದರ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನೂ ಕಟ್ಟಿದರು. ಆ ಕಾಲದ ಮದ್ದು ಚಾಲ್ಮೋಗ್ರ ಎಣ್ಣೆ. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂತು. ಅದು ರೋಗಾಣುವನ್ನು ತಡೆಯಿತು, ಮಡಚಿದ ಬೆರಳು ಮಡಚಿಯೇ ಉಳಿಯಿತು.

ಆ ಗಂಟು ಬಿಚ್ಚಿದ್ದು ವೆಲ್ಲೂರಿನಲ್ಲಿ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ 1947ರಲ್ಲಿ ಚೆಂಗಲ್‌ಪಟ್ಟಿನ ಆಸ್ಪತ್ರೆಯಲ್ಲಿ ರೋಗಿಗಳ ಕೈಗಳನ್ನು ಪರೀಕ್ಷಿಸಿದರು. ಮೊಣಕೈ ಬಳಿಯ ನರ ಸತ್ತು ಅಂಗೈಯ ಸಣ್ಣ ಸ್ನಾಯುಗಳು ಸೊರಗಿದ್ದವು. ಮುಂಗೈಯ ಸ್ನಾಯುಗಳು ಗಟ್ಟಿಯಾಗಿಯೇ ಇದ್ದವು. ಬಲವಿರುವ ಸ್ನಾಯುವಿನ ಸ್ನಾಯುರಜ್ಜುವನ್ನು ತಿರುಗಿಸಿ ಬೆರಳಿಗೆ ಕಟ್ಟಿದರೆ? ಕಟ್ಟಿದರು, ಬೆರಳು ತೆರೆಯಿತು. ಮೊದಲು ಬಿಗಿದ ಕೀಲುಗಳನ್ನು ಸಡಿಲಿಸಬೇಕು, ಆಮೇಲೆ ವಾರಗಟ್ಟಲೆ ಅಂಗಸಾಧನೆ ಬೇಕು. ಬೆರಳನ್ನು ತಿನ್ನುವುದು ಕುಷ್ಠವಲ್ಲ, ನೋವು ತಿಳಿಯದ ಕೈಗೆ ಬೀಳುವ ಪೆಟ್ಟು, ಸುಡು ಗಾಯಗಳು ಎಂಬುದನ್ನೂ ಅವರು ತೋರಿಸಿದರು.

ಇಲ್ಲಿಯೇ ಸಮಾಜದ ಬಣ್ಣ ಬಯಲಾಯಿತು. ಕೈ ನೇರವಾದವರು ಊರಿಗೆ ಹೋದರೆ ಕೆಲಸ ಕೊಡುವವರಿಲ್ಲ. ಕೈ ಸರಿಯಿದ್ದವನಿಗೆ ಭಿಕ್ಷೆಯೂ ಇಲ್ಲ. ಬ್ರ್ಯಾಂಡ್ ಕೊನೆಗೆ ಅವರಿಗೆ ಬಡಗಿ ಕೆಲಸ ಕಲಿಸುವ ವ್ಯವಸ್ಥೆಯನ್ನೂ ಮಾಡಬೇಕಾಯಿತು.

ಕಾನೂನೂ ನಿಧಾನವಾಗಿಯೇ ಬದಲಾಯಿತು. ರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶ ಕೊಟ್ಟಿದ್ದ 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಮುಸ್ಲಿಂ ಹೆಣ್ಣಿಗೆ ಆಸರೆಯಾದ 1939ರ ವಿವಾಹ ವಿಸರ್ಜನೆ ಕಾಯಿದೆಯಲ್ಲೂ, 1955ರ ಹಿಂದೂ ವಿವಾಹ ಕಾಯಿದೆಯಲ್ಲೂ ಕುಷ್ಠ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. 1980ರ ದಶಕದಲ್ಲೇ ಬಹುಔಷಧ ಚಿಕಿತ್ಸೆ ಬಂದು ರೋಗ ವಾಸಿಯಾಗುತ್ತಿದ್ದರೂ ಆ ಮಾತನ್ನು ಕಿತ್ತುಹಾಕಿದ್ದು 2019ರಲ್ಲಿ. ಈ ಒಂದು ವಿಷಯದಲ್ಲಿ ನಾವೆಲ್ಲ ಒಂದೇ ಆಗಿದ್ದೆವು.

ಕುಷ್ಠ ಇನ್ನು ಸಾರ್ವಜನಿಕ ಸಮಸ್ಯೆಯಲ್ಲವೆಂದು 2005ರ ಕೊನೆಗೆ ದೇಶ ಘೋಷಿಸಿಕೊಂಡಿತು. ಹೊಸ ರೋಗಿಗಳು ಈಗಲೂ ಸಿಗುತ್ತಿದ್ದಾರೆ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡಾಗಲೇ ಸರ್ಕಾರಿ ಆಸ್ಪತ್ರೆಗೆ ಹೋದರೆ ಪುಕ್ಕಟೆ ಮಾತ್ರೆಯಲ್ಲೇ ವಾಸಿಯಾಗುತ್ತದೆ, ಕೈ ಸೊಟ್ಟಗಾಗುವುದೂ ತಪ್ಪುತ್ತದೆ. ಜನ ಮಚ್ಚೆಯನ್ನು ಮುಚ್ಚಿಡುವುದು ರೋಗಕ್ಕೆ ಹೆದರಿ ಅಲ್ಲ, ನಮಗೆ ಹೆದರಿ.