ಲೈಫ್ ಫೋರ್ಸ್

ಲೈಫ್ ಫೋರ್ಸ್, ಜಪಾನಿನ ಕೊನಾಮಿ ಸಂಸ್ಥೆ ನಿಂಟೆಂಡೊ ಎಂಟರ್‌ಟೇನ್‌ಮೆಂಟ್ ಸಿಸ್ಟಮ್ (ಎನ್‌ಇಎಸ್) ಕನ್ಸೋಲ್‌ಗೆ ಹೊರತಂದ ಬಾಹ್ಯಾಕಾಶ ಶೂಟಿಂಗ್ ಆಟ. ಇಬ್ಬರು ಒಂದೇ ಪರದೆಯಲ್ಲಿ, ಏಕಕಾಲಕ್ಕೆ, ಜೊತೆಗಾರರಾಗಿ ಆಡಬಹುದಾದ್ದು ಇದರ ಹೆಗ್ಗಳಿಕೆ. ಜಪಾನಿನಲ್ಲಿ ಇದರ ಹೆಸರು ‘ಸಾಲಮ್ಯಾಂಡರ್’. ಎನ್‌ಇಎಸ್‌ನ ಜಪಾನಿ ರೂಪವಾದ ಫ್ಯಾಮಿಕಾಮ್ ಕನ್ಸೋಲ್‌ಗೆ 1987ರಲ್ಲಿ ಬಂದ ಆಟ, ಅಮೆರಿಕದ ಮಾರುಕಟ್ಟೆಗೆ ಕಾಲಿಟ್ಟದ್ದು 1988ರಲ್ಲಿ.

ಇದರ ಬೇರು 1985ರ ‘ಗ್ರೇಡಿಯಸ್’ ಎಂಬ ಆರ್ಕೇಡ್ ಆಟದಲ್ಲಿದೆ. ಅದು ಒಂಟಿಯಾಗಿ ಆಡುವ ಆಟ, ಸ್ವಭಾವದಲ್ಲಿ ನಿರ್ದಯಿ. ಒಮ್ಮೆ ನೌಕೆ ಸಿಡಿದರೆ ಗಳಿಸಿದ ಆಯುಧಗಳೆಲ್ಲ ಹೋಗಿ, ಆಟಗಾರ ಹಿಂದಿನ ನಿಲುಗಡೆಗೆ ಮರಳಬೇಕು. 1986ರಲ್ಲಿ ಆರ್ಕೇಡಿಗೆ ಬಂದ ಸಾಲಮ್ಯಾಂಡರ್ ಈ ಲೆಕ್ಕಾಚಾರವನ್ನೇ ಬದಲಿಸಿತು. ಗ್ರೇಡಿಯಸ್‌ನಲ್ಲಿ ಆಟಗಾರ ನಡೆಸುತ್ತಿದ್ದ ವಿಕ್ ವೈಪರ್ ನೌಕೆಯ ಪಕ್ಕದಲ್ಲಿ ಎರಡನೆಯ ಆಟಗಾರನಿಗಾಗಿ ಲಾರ್ಡ್ ಬ್ರಿಟಿಷ್ ಎಂಬ ನೌಕೆ ಬಂತು. ಒಬ್ಬ ಸತ್ತನೆಂದು ಇನ್ನೊಬ್ಬನನ್ನು ಹಿಂದಕ್ಕೆ ಎಳೆಯುವಂತಿಲ್ಲವಲ್ಲ. ಹಾಗಾಗಿ ಸತ್ತವನು ಅಲ್ಲೇ, ಆ ಕ್ಷಣವೇ ಮತ್ತೆ ಹುಟ್ಟುತ್ತಾನೆ. ಜೋಡಿ ಆಟ ಆಟವಾಗಿ ಉಳಿದದ್ದು ಈ ಒಂದು ನಿಯಮದಿಂದ. ಅಡ್ಡಕ್ಕೆ ಸರಿಯುವ ಒಂದು ಹಂತ, ಮೇಲಕ್ಕೆ ಸರಿಯುವ ಮತ್ತೊಂದು ಹಂತ ಎಂಬ ಸರದಿಯೂ ಇಲ್ಲಿಂದಲೇ ಶುರುವಾದದ್ದು.

ಕನ್ಸೋಲಿಗೆ ತರುವಾಗ ಕೊನಾಮಿ ಮತ್ತೊಂದು ದೊಡ್ಡ ಬದಲಾವಣೆ ಮಾಡಿತು. ಆರ್ಕೇಡಿನಲ್ಲಿ ಹೆಕ್ಕಿದ ಆಯುಧ ತಕ್ಷಣ ಕೈಗೆ ಬರುತ್ತಿತ್ತು. ಮನೆಯ ಆವೃತ್ತಿಯಲ್ಲಿ ಗ್ರೇಡಿಯಸ್‌ನ ಆಯುಧಗಳ ಪಟ್ಟಿ ಮರಳಿತು. ಶತ್ರುಗಳು ಉದುರಿಸಿದ ಕ್ಯಾಪ್ಸೂಲ್ ಒಂದೊಂದನ್ನು ಹಿಡಿದಂತೆ ಪರದೆಯ ಅಡಿಯಲ್ಲಿ ಗುರುತು ಒಂದೊಂದು ಮನೆ ಮುಂದೆ ಸರಿಯುತ್ತದೆ. ವೇಗ ಸಾಕೋ, ಕ್ಷಿಪಣಿ ಬೇಕೋ, ಹೋಗುತ್ತಾ ಅಗಲವಾಗುವ ಉಂಗುರದ ರಿಪಲ್ ಬರುವವರೆಗೆ ಕಾಯಬೇಕೋ ಎಂದು ಆಟಗಾರನೇ ತೀರ್ಮಾನಿಸಬೇಕು. ಇಬ್ಬರು ಆಡುವಾಗ ಕ್ಯಾಪ್ಸೂಲ್ ಮುಟ್ಟಿದವನ ಪಾಲು. ಆಸೆಬುರುಕ ಜೊತೆಗಾರ ಎಲ್ಲವನ್ನೂ ಬಾಚಿಕೊಂಡರೆ ಮುಂದಿನ ಬಾಸ್ ಎದುರು ಇನ್ನೊಬ್ಬ ಬರಿಗೈ. ಹಂಚಿಕೊಳ್ಳಿ ಎಂದು ಆಟ ಎಲ್ಲಿಯೂ ಹೇಳುವುದಿಲ್ಲ, ಹಂಚಿಕೊಳ್ಳದವರು ಮಾತ್ರ ಬೇಗ ಸೋಲುತ್ತಾರೆ.

ಹಂತಗಳು ಆರು. ಮೊದಲನೆಯದು ಬೃಹತ್ ಜೀವಿಯೊಂದರ ಒಡಲು: ಗುಂಡು ಹಾರಿಸಿ ಮಾಂಸದ ಗೋಡೆಯಲ್ಲಿ ದಾರಿ ಕೊರೆದರೆ ಅದು ಮತ್ತೆ ಬೆಳೆದು ಮುಚ್ಚಿಕೊಳ್ಳುತ್ತದೆ. ಮೂರನೆಯದರಲ್ಲಿ ಬೆಂಕಿಯ ನೆಲದಿಂದ ಜ್ವಾಲೆಯ ಕಮಾನುಗಳು ಏಳುತ್ತವೆ. ಈಜಿಪ್ಟಿನ ದೇಗುಲದ ಹಂತ ಮೂಲ ಆರ್ಕೇಡಿನಲ್ಲಿರಲಿಲ್ಲ, ಕನ್ಸೋಲಿಗೆಂದೇ ಕಟ್ಟಿದ್ದು. ಕೊನೆಯ ಶತ್ರುವಿನ ಹೆಸರು ಜೆಲೋಸ್.

ಎನ್‌ಇಎಸ್ ಯಂತ್ರದ ಮೂಲ ಮೆಮೊರಿ ಬರೀ 2 ಕಿಲೋಬೈಟ್. ಪರದೆಯ ಒಂದು ಅಡ್ಡಗೆರೆಯಲ್ಲಿ ಅದು ತೋರಿಸಬಲ್ಲದ್ದು 8 ಸ್ಪ್ರೈಟ್‌ಗಳನ್ನು, ಅಂದರೆ ಚಲಿಸುವ ಪುಟ್ಟ ಚಿತ್ರಗಳನ್ನು ಮಾತ್ರ. ಎರಡು ನೌಕೆ, ಅವುಗಳ ಬೆನ್ನಿಗೆ ತೇಲುವ ‘ಆಪ್ಷನ್’ ಗೋಳಗಳು, ಗುಂಡು, ಶತ್ರು ಎಲ್ಲವೂ ಒಂದೇ ಸಾಲಿಗೆ ಬಂದಾಗ ಚಿತ್ರ ಮಿಣುಕುವುದು ಇದೇ ಕಾರಣಕ್ಕೆ. ಇಷ್ಟು ಇಕ್ಕಟ್ಟಿನಲ್ಲಿ ಇಬ್ಬರನ್ನು ಈ ವೇಗದಲ್ಲಿ ಓಡಿಸಿದ್ದು ಆ ಕಾಲದ ಪ್ರೋಗ್ರಾಮಿಂಗ್‌ನ ನಿಜವಾದ ಸಾಧನೆ. ಜಪಾನಿನ ಕಾರ್ಟ್ರಿಜ್‌ನಲ್ಲಿ ಕೊನಾಮಿಯದೇ ವಿಶೇಷ ಚಿಪ್ ಇತ್ತು, ಅಲ್ಲಿ ಮೂರು ಆಪ್ಷನ್‌ಗಳು ಸಿಗುತ್ತಿದ್ದವು. ಅಮೆರಿಕದ ಆವೃತ್ತಿಗೆ ದಕ್ಕಿದ್ದು ಎರಡೇ. ಆ ಜಪಾನಿ ಕಾರ್ಟ್ರಿಜ್‌ನ ಹೊರಕವಚ ನೀಲಿ ಪಾರದರ್ಶಕ ಪ್ಲಾಸ್ಟಿಕ್ಕಿನದು, ಒಳಗಿನ ಸರ್ಕ್ಯೂಟ್ ಬೋರ್ಡ್ ಹೊರಗಿನಿಂದಲೇ ಕಾಣುತ್ತದೆ.

ಮೇಲೆ-ಮೇಲೆ, ಕೆಳಗೆ-ಕೆಳಗೆ, ಎಡ-ಬಲ, ಎಡ-ಬಲ, ಬಿ, ಎ ಒತ್ತಿದರೆ ಇಲ್ಲಿ 30 ಜೀವಗಳು ಸಿಗುತ್ತವೆ. ಗ್ರೇಡಿಯಸ್ ಅನ್ನು ಕನ್ಸೋಲಿಗೆ ಅಳವಡಿಸುವಾಗ ಕೊನಾಮಿಯ ಕಝುಹಿಸಾ ಹಶಿಮೋಟೊ, ಆಟ ತಮಗೇ ಕಠಿಣವೆನಿಸಿ ಈ ಸಂಕೇತವನ್ನು ಸೇರಿಸಿದ್ದರು. ಭಾರತದಲ್ಲಿ ಟಿವಿಗೆ ಜೋಡಿಸುವ ಅಗ್ಗದ ವಿಡಿಯೋ ಗೇಮ್‌ಗಳಲ್ಲಿ ಕೊನಾಮಿಯದೇ ‘ಕಾಂಟ್ರಾ’ ಆಡಿದವರಿಗೂ ಇದು ಗೊತ್ತಿರುವಂಥದ್ದೇ.

ಆರ್ಕೇಡಿನಲ್ಲಿ ‘ಸಾಲಮ್ಯಾಂಡರ್ 2’ 1996ರಲ್ಲಿ ಬಂತು. ಮೂರನೆಯ ಭಾಗ 2025ರಲ್ಲಿ ‘ಗ್ರೇಡಿಯಸ್ ಒರಿಜಿನ್ಸ್’ ಸಂಕಲನದೊಂದಿಗೆ ಬಿಡುಗಡೆಯಾಯಿತು.